ಗೆಟ್: ‘ನನಗೆ’ ಹೋಗಿ ‘ನಾನು’ ಆದ ಕಥೆ

ಇದು ವೇದಿಕೆ ಮೇಲೆ ಆಡಿದ ಮಾತು, ಆಮೇಲೆ ಕೂತು ಬರೆದದ್ದು. ಬೋರ್ಡಿನ ಮೇಲೆ ಗೀಚಿ ತೋರಿಸಿದ್ದನ್ನು ಇಲ್ಲಿ ತೋರಿಸಲು ಆಗುವುದಿಲ್ಲವಾದ್ದರಿಂದ ಕೆಲವು ಕಡೆ ಸ್ವಲ್ಪ ಬಿಡಿಸಿ ಹೇಳಿದ್ದೇನೆ, ಕೆಲವು ಕಡೆ ಹಾರಿಸಿಬಿಟ್ಟಿದ್ದೇನೆ. ಗೆಟ್ ಅನ್ನೋ ಒಂದೇ ಒಂದು ಪದದ ಮೇಲೆ ಒಂದು ಗಂಟೆ ಏನು ಮಾತಾಡುತ್ತೀರಿ ಅಂತ ಮೊದಲೇ ಒಬ್ಬರು ಕೇಳಿದ್ದರು. ಕೊನೆಗೆ ಒಂದು ಗಂಟೆ ಸಾಲಲಿಲ್ಲ.

ಒಂದು ಸಣ್ಣ ಕಥೆ ಕೇಳಿ. ಇಂಗ್ಲಿಷಿನಲ್ಲೇ ಹೇಳುತ್ತೇನೆ, ಸುಲಭವಾಗಿಯೇ ಇದೆ.

ಹೀ ಗಾಟ್ ಅಪ್ ಲೇಟ್. ಹೀ ಗಾಟ್ ಡ್ರೆಸ್ಡ್. ಹೀ ಗಾಟ್ ದ ಬಸ್. ಹೀ ಗಾಟ್ ವೆಟ್. ಹೀ ಗಾಟ್ ಟು ದ ಆಫೀಸ್. ಹೀ ಗಾಟ್ ಎ ಲೆಟರ್. ಹೀ ಗಾಟ್ ಫೈರ್ಡ್. ಹೀ ಗಾಟ್ ಆಂಗ್ರಿ. ಹೀ ಗಾಟ್ ಹೋಮ್. ಹೀ ಗಾಟ್ ಎ ಫೀವರ್. ಹೀ ಗಾಟ್ ಓವರ್ ಇಟ್.

ಪಾಪ, ಒಳ್ಳೆಯ ದಿನ ಅಲ್ಲ. ಈಗ ಇದನ್ನೇ ಕನ್ನಡದಲ್ಲಿ ಹೇಳೋಣ. ತಡವಾಗಿ ಎದ್ದ. ಬಟ್ಟೆ ಹಾಕಿಕೊಂಡ. ಬಸ್ ಹಿಡಿದ. ಮಳೆಯಲ್ಲಿ ನೆನೆದ. ಆಫೀಸು ತಲುಪಿದ. ಅವನಿಗೊಂದು ಪತ್ರ ಬಂತು. ಅವನ ಕೆಲಸ ಹೋಯಿತು. ಸಿಟ್ಟು ನೆತ್ತಿಗೇರಿತು. ಮನೆ ಸೇರಿದ. ಜ್ವರ ಬಂತು. ಕೊನೆಗೆ ಚೇತರಿಸಿಕೊಂಡ.

ಇಂಗ್ಲಿಷಿನಲ್ಲಿ ಹನ್ನೊಂದು ವಾಕ್ಯಕ್ಕೆ ಒಂದೇ ಕ್ರಿಯಾಪದ. ಕನ್ನಡದಲ್ಲಿ ಹತ್ತು ಬೇಕಾದವು, ‘ಬಂತು’ ಮಾತ್ರ ಎರಡು ಸಲ ಬಂತು. ಸಭೆಯಲ್ಲಿ ಇದನ್ನು ಹೇಳಿದಾಗ ಎಲ್ಲರೂ ನಕ್ಕರು, ಇಂಗ್ಲಿಷ್ ಎಷ್ಟು ಬಡ ಭಾಷೆ ನೋಡಿ ಅಂತ ಯಾರೋ ಹಿಂದಿನಿಂದ ಅಂದರು. ಬಡ ಭಾಷೆ ಏನಲ್ಲ. ಎದ್ದ ಅನ್ನೋದಕ್ಕೆ ರೋಸ್, ಹಿಡಿದ ಅನ್ನೋದಕ್ಕೆ ಕಾಟ್, ತಲುಪಿದ ಅನ್ನೋದಕ್ಕೆ ರೀಚ್ಡ್, ಎಲ್ಲವೂ ಅವರ ಬಳಿ ಇವೆ. ಇದ್ದೂ ಅವರು ಗೆಟ್ ಕಡೆಗೇ ಕೈ ಚಾಚುತ್ತಾರೆ. ಯಾಕೆ ಅನ್ನೋದು ಒಂದು ಪ್ರಶ್ನೆ.

ಆದರೆ ನನಗೆ ಅದಕ್ಕಿಂತ ಜಾಸ್ತಿ ಕುತೂಹಲ ಇನ್ನೊಂದರ ಮೇಲೆ. ಇಂಗ್ಲಿಷ್ ಕಥೆಯಲ್ಲಿ ಹನ್ನೊಂದು ಸಲವೂ ವಾಕ್ಯದ ತಲೆಯಲ್ಲಿ ‘ಹೀ’ ಕೂತಿದ್ದಾನೆ, ಗಮನಿಸಿದಿರಾ? ಕನ್ನಡದಲ್ಲಿ ಏಳು ಸಲ ಮಾತ್ರ ಅವನು ಏನಾದರೂ ಮಾಡಿದ. ಉಳಿದ ನಾಲ್ಕು ಸಲ ಅವನು ಏನೂ ಮಾಡಲಿಲ್ಲ. ಪತ್ರ ಬಂತು, ಕೆಲಸ ಹೋಯಿತು, ಸಿಟ್ಟು ಏರಿತು, ಜ್ವರ ಬಂತು. ಮಾಡಿದ್ದೆಲ್ಲ ಪತ್ರ, ಕೆಲಸ, ಸಿಟ್ಟು ಮತ್ತು ಜ್ವರ. ಅವನು ಸುಮ್ನೆ ‘ಅವನಿಗೆ’ ಆಗಿ ಪಕ್ಕದಲ್ಲಿ ನಿಂತಿದ್ದ.

ಇದೇ ನಾನು ಹೇಳೋಕೆ ಬಂದ ವಿಷಯ. ಗೆಟ್ ಕಷ್ಟ ಆಗೋದು ಅದಕ್ಕೆ ಅರ್ಥ ಜಾಸ್ತಿ ಇದೆ ಅಂತಲ್ಲ. ನಾವು ‘ನನಗೆ’ ಅನ್ನೋ ಕಡೆ ಅವರು ‘ನಾನು’ ಅನ್ನುತ್ತಾರೆ, ಆ ಅದಲು ಬದಲಾಗೋ ಜಾಗದಲ್ಲಿ ಗೆಟ್ ನಿಂತಿರುತ್ತದೆ.

ಅರ್ಥದ ಲೆಕ್ಕದ ಮಾತು ಬೇಗ ಮುಗಿಸಿಬಿಡುತ್ತೇನೆ, ಯಾಕೆಂದರೆ ಇಂಥ ಉಪನ್ಯಾಸಕ್ಕೆ ಬಂದವರು ಒಂದು ದೊಡ್ಡ ಅಂಕಿ ಕೇಳದೆ ಮನೆಗೆ ಹೋಗುವುದಿಲ್ಲ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥ ಇರೋ ಕ್ರಿಯಾಪದ ಯಾವುದು ಅಂದರೆ ಬಹಳ ಕಾಲ ‘ಸೆಟ್’ ಅನ್ನುತ್ತಿದ್ದರು. 1989ರಲ್ಲಿ ಬಂದ ಆಕ್ಸ್‌ಫರ್ಡ್ ನಿಘಂಟಿನ ಎರಡನೇ ಆವೃತ್ತಿಯಲ್ಲಿ ಅದಕ್ಕೆ 400ಕ್ಕೂ ಹೆಚ್ಚು ಅರ್ಥಗಳಿದ್ದವು. ಆಮೇಲೆ ಅದೇ ನಿಘಂಟನ್ನು ಹೊಸದಾಗಿ ತಿದ್ದುತ್ತಾ ಬಂದಾಗ ‘ರನ್’ ಮುಂದೆ ಹೋಯಿತು. ಅದರ ಕ್ರಿಯಾಪದ ರೂಪಕ್ಕೇ 645 ಅರ್ಥ. ಅದೊಂದನ್ನು ವಿಂಗಡಿಸೋಕೆ ಒಬ್ಬ ಸಂಪಾದಕರಿಗೆ ಒಂಬತ್ತು ತಿಂಗಳು ಹಿಡಿಯಿತು. ಗೆಟ್ ಈ ಓಟದಲ್ಲಿ ಮೊದಲನೆಯದಲ್ಲ. ನನ್ನನ್ನು ಕೇಳಿದರೆ ಈ ಅಂಕಿಗಳು ನಿಘಂಟಿನ ಕೆಲಸದ ಬಗ್ಗೆ ಹೇಳುವಷ್ಟು ಪದದ ಬಗ್ಗೆ ಹೇಳುವುದಿಲ್ಲ. ತರಕಾರಿ ಎಷ್ಟು ಚೂರಾಯಿತು ಅನ್ನೋದು ನೀವು ಎಷ್ಟು ಸಣ್ಣಗೆ ಹೆಚ್ಚಿದಿರಿ ಅನ್ನೋದರ ಮೇಲೆ ನಿಂತಿದೆ, ಅಲ್ವಾ?

ಈಗ ಗೆಟ್ ಹುಟ್ಟಿದ್ದು ಎಲ್ಲಿ ನೋಡೋಣ. ಇದು ಇಂಗ್ಲಿಷಿನ ಸ್ವಂತ ಮಗು ಅಲ್ಲ, ಸಾಕಿಕೊಂಡದ್ದು. 9ನೇ ಶತಮಾನದಿಂದ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ವೈಕಿಂಗರು ಬಂದು ನೆಲೆಸಿದರು. ಅವರ ನೋರ್ಸ್ ಭಾಷೆಯಲ್ಲಿ ‘ಗೆಟಾ’ ಅನ್ನೋ ಕ್ರಿಯಾಪದ ಇತ್ತು, ಪಡೆ ಅನ್ನೋ ಅರ್ಥದಲ್ಲಿ. ಸುಮಾರು 1200ರ ಹೊತ್ತಿಗೆ ಅದು ಇಂಗ್ಲಿಷ್ ಬರಹದಲ್ಲಿ ಕಾಣಿಸಿಕೊಂಡಿತು. ಟೇಕ್, ಎಗ್, ಲೆಗ್, ಸ್ಕೈ, ವಿಂಡೋ, ಕೊನೆಗೆ ‘ದೇ’ ಅನ್ನೋ ಸರ್ವನಾಮ ಕೂಡ ಹೀಗೇ ಬಂದವು. ಮನೆಗೆ ಬಂದ ನೆಂಟರು ಅಡುಗೆಮನೆ ವಹಿಸಿಕೊಂಡ ಹಾಗೆ.

ಹಾಗಂತ ಹಳೆಯ ಇಂಗ್ಲಿಷಿನಲ್ಲಿ ಇದರ ಸೋದರಿ ಇರಲಿಲ್ಲ ಅಂತಲ್ಲ. ಇತ್ತು, ಆದರೆ ಒಂಟಿಯಾಗಿ ಓಡಾಡುತ್ತಿರಲಿಲ್ಲ, ಮುಂದೆ ಏನಾದರೂ ಅಂಟಿಸಿಕೊಂಡೇ ಬರುತ್ತಿತ್ತು. ಫರ್ಗೆಟ್ ಅದರದ್ದೇ ಒಂದು ರೂಪ. ಹಿಡಿದದ್ದನ್ನು ಕಳೆದುಕೊಳ್ಳುವುದು, ಅಂದರೆ ಮರೆಯುವುದು. ಬಿಗೆಟ್ ಇನ್ನೊಂದು, ಮಕ್ಕಳನ್ನು ಪಡೆಯುವುದು. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಇಂಥವನು ಇಂಥವನನ್ನು ‘ಬಿಗ್ಯಾಟ್’ ಅಂತ ಸಾಲುಗಟ್ಟಲೆ ಬರುತ್ತದಲ್ಲ, ಅದು ಇದೇ. ಒಂದು ತಮಾಷೆ ಏನೆಂದರೆ ಆ ಹಳೆಯ ರೂಪಗಳಲ್ಲಿ ‘ಗೆ’ ಅಂತ ಉಚ್ಚಾರ ಇರಲಿಲ್ಲ, ‘ಯೆ’ ಅಂತ ಇತ್ತು. ವೈಕಿಂಗರು ಬರದೇ ಇದ್ದಿದ್ದರೆ ಇವತ್ತು ಇಂಗ್ಲಿಷರು ಫರ್ಗೆಟ್ ಅನ್ನೋ ಬದಲು ಫರ್‌ಯೆಟ್ ಅನ್ನುತ್ತಿದ್ದರೋ ಏನೋ.

ಇನ್ನೂ ಹಿಂದಕ್ಕೆ ಹೋದರೆ ಬೇರಿನಲ್ಲಿ ‘ಹಿಡಿ’ ಅನ್ನೋ ಅರ್ಥ ಇದೆ, ಕೈಯಿಂದ ಹಿಡಿಯುವುದು. ಅದೇ ಬೇರಿನಿಂದ ಲ್ಯಾಟಿನ್ನಿನ ‘ಪ್ರೆಹೆಂಡೆರೆ’ ಬಂದಿದೆ. ಅಲ್ಲಿಂದ ಇಂಗ್ಲಿಷಿಗೆ ಕಾಂಪ್ರಹೆಂಡ್ ಬಂತು, ಪ್ರಿಸನ್ ಬಂತು, ಸರ್ಪ್ರೈಸ್ ಬಂತು. ಅಂದರೆ ಒಬ್ಬ ದೊಡ್ಡ ಪ್ರೊಫೆಸರ್ ಗಂಭೀರವಾಗಿ ‘ಐ ಕಾಂಪ್ರಹೆಂಡ್’ ಅನ್ನೋದು, ಒಂದು ಹುಡುಗ ‘ಐ ಗೆಟ್ ಇಟ್’ ಅನ್ನೋದು, ಎರಡೂ ಒಂದೇ ವಂಶದ ಮಾತು. ಒಬ್ಬ ಸೂಟು ಹಾಕಿದ್ದಾನೆ, ಇನ್ನೊಬ್ಬ ಬನಿಯನ್ನಿನಲ್ಲಿ ಇದ್ದಾನೆ, ಅಷ್ಟೇ. ಅರ್ಥ ಮಾಡಿಕೊಳ್ಳೋದು ಅಂದರೆ ಹಿಡಿಯೋದು ಅನ್ನೋ ಯೋಚನೆ ಅವರದ್ದು ಮಾತ್ರ ಅಲ್ಲ. ನಾವು ಬಳಸೋ ‘ಗ್ರಹಿಸು’ ಕೂಡ ಹಿಡಿ ಅನ್ನೋ ಧಾತುವಿನಿಂದಲೇ ಬಂದದ್ದು, ಗ್ರಹಣದಲ್ಲಿ ಸೂರ್ಯನನ್ನು ಹಿಡಿಯುವುದೂ ಅದೇ ಹಿಡಿ. ಆದರೆ ಮನೆಮಾತಿನಲ್ಲಿ ನಾವು ಏನು ಕೇಳುತ್ತೇವೆ? ‘ತಲೆಗೆ ಹತ್ತಿತಾ?’ ಹತ್ತಬೇಕಾದದ್ದು ಪಾಠ. ತಲೆ ಇದ್ದ ಕಡೆ ಇದ್ದರೆ ಸಾಕು. ನೋಡಿ, ಮತ್ತೆ ‘ನನಗೆ’ ಬಂತು.

ಒಂದು ನಿಮಿಷ ಪಕ್ಕದ ದಾರಿ ಹಿಡಿಯುತ್ತೇನೆ. ಕನ್ನಡದಲ್ಲಿ ‘ಗಿಟ್ಟು’ ಅಂತ ಒಂದು ಪದ ಇದೆ. ಈ ವ್ಯಾಪಾರದಲ್ಲಿ ಏನೂ ಗಿಟ್ಟುವುದಿಲ್ಲ ಅನ್ನುತ್ತೇವಲ್ಲ, ಆ ಗಿಟ್ಟು. ಗೆಟ್, ಗಿಟ್ಟು. ಅರ್ಥವೂ ಅದೇ, ಸದ್ದೂ ಹತ್ತಿರ ಹತ್ತಿರ ಅದೇ. ಇಂಥದ್ದು ಸಿಕ್ಕರೆ ಸಾಕು, ಇಂಗ್ಲಿಷ್ ಕನ್ನಡದಿಂದ ಹುಟ್ಟಿತು ಅಂತ ಸಾಬೀತು ಮಾಡೋರು ತಯಾರಾಗಿ ನಿಂತಿರುತ್ತಾರೆ. ಹಾಗೇನೂ ಇಲ್ಲ. ಗಿಟ್ಟು ನಮ್ಮ ದ್ರಾವಿಡ ಪದ, ತಮಿಳು ಮಲಯಾಳಂಗಳಲ್ಲಿ ‘ಕಿಟ್ಟು’ ಅಂತ ಅದರ ಬಂಧುಗಳಿವೆ. ಗೆಟ್ ಬಂದದ್ದು ವೈಕಿಂಗರ ಹಡಗಿನಲ್ಲಿ. ಇಬ್ಬರು ಅಪರಿಚಿತರು ಒಂದೇ ಬಣ್ಣದ ಅಂಗಿ ಹಾಕಿಕೊಂಡು ಎದುರಾದ ಹಾಗೆ, ಕಾಕತಾಳೀಯ.

ಆದರೆ ಗಿಟ್ಟು ಇಲ್ಲಿ ಬೇರೆ ರೀತಿ ಕೆಲಸಕ್ಕೆ ಬರುತ್ತದೆ. ‘ಐ ಗಾಟ್ ಎ ಜಾಬ್’ ಅನ್ನೋದನ್ನ ಕನ್ನಡಕ್ಕೆ ತನ್ನಿ. ನನಗೆ ಕೆಲಸ ಸಿಕ್ಕಿತು ಅನ್ನಬಹುದು. ನಾನು ಕೆಲಸ ಗಿಟ್ಟಿಸಿಕೊಂಡೆ ಅನ್ನಬಹುದು. ಎರಡೂ ಸರಿ, ಎರಡೂ ಒಂದೇ ಅಲ್ಲ. ಮೊದಲನೆಯದರಲ್ಲಿ ಕೆಲಸ ಎಲ್ಲೋ ಇತ್ತು, ತಾನಾಗಿ ನನ್ನ ಕಡೆ ಬಂತು, ನಾನು ತುಸು ವಿನಯದಿಂದ ಪಕ್ಕಕ್ಕೆ ಸರಿದು ನಿಂತಿದ್ದೇನೆ. ಎರಡನೆಯದರಲ್ಲಿ ಓಡಾಟ ಇದೆ, ಪೈಪೋಟಿ ಇದೆ, ಸ್ವಲ್ಪ ಚಾಲಾಕಿತನದ ವಾಸನೆಯೂ ಇದೆ. ಸ್ನೇಹಿತನ ಬಗ್ಗೆ ಹೊಟ್ಟೆಕಿಚ್ಚು ಇರೋನು ‘ಗಿಟ್ಟಿಸಿಕೊಂಡ’ ಅನ್ನುತ್ತಾನೆ. ತನ್ನ ಬಗ್ಗೆ ಹೇಳುವಾಗ ಅದೇ ಮನುಷ್ಯ ‘ಸಿಕ್ಕಿತು’ ಅನ್ನುತ್ತಾನೆ. ಇಂಗ್ಲಿಷಿನಲ್ಲಿ ಇವೆರಡೂ ‘ಗಾಟ್’. ಹೇಗೆ ಬಂತು, ಯಾರ ಶ್ರಮ, ಯಾರ ಅದೃಷ್ಟ, ಯಾವುದನ್ನೂ ಗೆಟ್ ಬಾಯಿ ಬಿಡುವುದಿಲ್ಲ. ಮೊದಲು ಇರಲಿಲ್ಲ, ಈಗ ಇದೆ. ಅಷ್ಟು ಮಾತ್ರ ಹೇಳುತ್ತದೆ.

‘ಶೀ ಗಾಟ್ ದ ಕೀಸ್’ ಅಂತ ಒಂದು ವಾಕ್ಯ ಅನುವಾದಕ್ಕೆ ಬಂದರೆ ನಾನು ಅಲ್ಲೇ ಪೆನ್ನು ಕೆಳಗಿಡುತ್ತೇನೆ. ಕೀಲಿ ಕೈ ಅವಳಿಗೆ ಯಾರೋ ಕೊಟ್ಟರಾ? ಅವಳೇ ಒಳಗೆ ಹೋಗಿ ತಂದಳಾ? ಕಳೆದಿತ್ತು, ಈಗ ಸಿಕ್ಕಿತಾ? ಹೊಸ ಮನೆಯ ಕೀಲಿ ಕೈ ಅವಳ ವಶಕ್ಕೆ ಬಂತಾ? ಹಿಂದಿನ ಎರಡು ಪುಟ ಓದದೆ ಒಂದು ಕನ್ನಡ ಕ್ರಿಯಾಪದ ಆರಿಸೋಕೆ ಆಗುವುದಿಲ್ಲ. ಇಂಗ್ಲಿಷಿನ ಲೇಖಕರಿಗೆ ಅದು ಹೇಳಬೇಕಾದ ಸಂಗತಿಯೇ ಅಲ್ಲ. ಕನ್ನಡ ಹೇಳಲೇಬೇಕು ಅಂತ ಪಟ್ಟು ಹಿಡಿಯುತ್ತದೆ. ಅದಕ್ಕೇ ಗೆಟ್ ಇರೋ ಸಣ್ಣ ಸಣ್ಣ ವಾಕ್ಯಗಳು ದೊಡ್ಡ ದೊಡ್ಡ ತತ್ವಜ್ಞಾನದ ವಾಕ್ಯಗಳಿಗಿಂತ ಜಾಸ್ತಿ ಹೊತ್ತು ತಿನ್ನುತ್ತವೆ.

ಇನ್ನು ‘ಆಗು’ ವಿಷಯ. ಇಲ್ಲಿ ನಾವು ಬೀಳೋ ಹಳ್ಳ ಬೇರೆ. ಕತ್ತಲಾಯಿತು, ಇಟ್ ಗಾಟ್ ಡಾರ್ಕ್. ಸುಸ್ತಾಯಿತು, ಐ ಗಾಟ್ ಟೈರ್ಡ್. ತಡ ಆಯಿತು, ಇಟ್ ಗಾಟ್ ಲೇಟ್. ಆಹಾ, ಎಷ್ಟು ಚೆನ್ನಾಗಿ ಕೂತಿತು ನೋಡಿ. ಆಗು ಅಂದರೆ ಗೆಟ್ ಅಂತ ತೀರ್ಮಾನ ಮಾಡಿಬಿಡುತ್ತೇವೆ. ನಾನೂ ಮಾಡಿದ್ದೆ. ಶಾಲೆಯಲ್ಲಿ ಇದ್ದಾಗ ದೊಡ್ಡವನಾದ ಮೇಲೆ ಏನಾಗುತ್ತೀಯ ಅನ್ನೋ ಪ್ರಬಂಧದಲ್ಲಿ ‘ಐ ವಾಂಟ್ ಟು ಗೆಟ್ ಆನ್ ಎಂಜಿನಿಯರ್’ ಅಂತ ಬರೆದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಪಕ್ಕದಲ್ಲಿ ಬರೆದಿದ್ದರು: ‘ಯಾಕಪ್ಪ, ಏನು ಕೆಟ್ಟಿದೆ?’ ನನಗೆ ಅದು ತಿಳಿಯೋಕೆ ವರ್ಷಗಳೇ ಹಿಡಿದವು. ಗೆಟ್ ಮುಂದೆ ಗುಣ ಬಂದರೆ ಆಗು: ಗೆಟ್ ಓಲ್ಡ್, ಗೆಟ್ ರಿಚ್. ವಸ್ತುವೋ ಮನುಷ್ಯನೋ ಬಂದರೆ ತರು, ಪಡೆ, ಕರೆಸು: ಗೆಟ್ ಎ ಡಾಕ್ಟರ್ ಅಂದರೆ ಡಾಕ್ಟರನ್ನು ಕರೆದುಕೊಂಡು ಬಾ. ಡಾಕ್ಟರ್ ಆಗಬೇಕು ಅಂದರೆ ಬಿಕಮ್ ಅನ್ನಬೇಕು, ಇಲ್ಲ ಸುಮ್ಮನೆ ‘ಬಿ’ ಅನ್ನಬೇಕು. ಕನ್ನಡಕ್ಕೆ ಈ ಭೇದ ಬೇಕಿಲ್ಲ. ಸುಸ್ತೂ ಆಗುತ್ತದೆ, ಡಾಕ್ಟರೂ ಆಗುತ್ತಾರೆ.

ಇದರ ಜೊತೆ ಇನ್ನೊಂದು. ಎಲ್ಲ ಗುಣಕ್ಕೂ ಗೆಟ್ ಒಗ್ಗುವುದಿಲ್ಲ. ಹಾಲು ಕೆಟ್ಟರೆ ‘ಗೋಸ್ ಬ್ಯಾಡ್’, ಹುಚ್ಚು ಹಿಡಿದರೆ ‘ಗೋಸ್ ಮ್ಯಾಡ್’, ತಲೆ ಬೋಳಾದರೆ ‘ಗೋಸ್ ಬಾಲ್ಡ್’. ಸಾಮಾನ್ಯವಾಗಿ ಹಿಂದಿರುಗಿ ಬರೋ ದಾರಿ ಇಲ್ಲದ ಕೆಡುಕಿಗೆ ಅವರು ಗೋ ಅನ್ನುತ್ತಾರೆ. ನಮಗೆ ಇದು ಹೊಸದೇನೂ ಅಲ್ಲ, ಹಾಲು ಕೆಟ್ಟು ‘ಹೋಯಿತು’ ಅಂತ ನಾವೂ ಅನ್ನುತ್ತೇವೆ. ಇದೊಂದು ಕಡೆ ಎರಡು ಭಾಷೆಗಳೂ ಕೈ ಕುಲುಕಿವೆ.

ಈಗ ನನಗೆ ಅತಿ ಇಷ್ಟವಾದ ಭಾಗ. ‘ಹೀ ವಾಸ್ ಸ್ಕೋಲ್ಡೆಡ್’ ಮತ್ತು ‘ಹೀ ಗಾಟ್ ಸ್ಕೋಲ್ಡೆಡ್’. ವ್ಯಾಕರಣದ ಪುಸ್ತಕದಲ್ಲಿ ಎರಡೂ ಕರ್ಮಣಿ ಪ್ರಯೋಗ ಅಂತ ಒಂದೇ ಡಬ್ಬಿಗೆ ಹಾಕುತ್ತಾರೆ. ಕಿವಿಗೆ ಮಾತ್ರ ಬೇರೆ ಬೇರೆ ಕೇಳುತ್ತದೆ. ಮೊದಲನೆಯದು ವರದಿ. ಎರಡನೆಯದರಲ್ಲಿ ಮನುಷ್ಯ ಇದ್ದಾನೆ, ಅವನಿಗೆ ಏನೋ ಆಯಿತು ಅನ್ನೋ ಸಂಕಟ ಇದೆ, ಕೆಲವು ಸಲ ಅವನೇ ಮೈಮೇಲೆ ಎಳೆದುಕೊಂಡ ಅನ್ನೋ ಸುಳಿವೂ ಇದೆ. ‘ಗಾಟ್ ಅರೆಸ್ಟೆಡ್’ ಅಂದರೆ ಏನೋ ಕಿತಾಪತಿ ಮಾಡಿರಬೇಕು ಅಂತ ಕೇಳೋನಿಗೆ ಅನಿಸುತ್ತದೆ. ಯಾವಾಗಲೂ ಕೆಟ್ಟದ್ದೇ ಆಗಬೇಕು ಅಂತೇನಿಲ್ಲ, ‘ಗಾಟ್ ಪ್ರಮೋಟೆಡ್’ ಕೂಡ ಇದೆ. ಆದರೆ ಒಳ್ಳೆಯದಾಗಲಿ ಕೆಟ್ಟದಾಗಲಿ, ಅದು ಆ ಮನುಷ್ಯನಿಗೆ ತಟ್ಟಿದೆ.

ಇದನ್ನು ಕನ್ನಡಕ್ಕೆ ತರುವಾಗ ‘ಅವನು ಬೈಯಲ್ಪಟ್ಟನು’ ಅಂತ ಬರೆದವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ‘ಅಲ್ಪಟ್ಟ’ ಕನ್ನಡದಲ್ಲಿ ಯಾರ ಬಾಯಲ್ಲೂ ಇಲ್ಲ, ಕಾಗದದ ಮೇಲೆ ಮಾತ್ರ ಬದುಕಿದೆ. ಹಾಗಾದರೆ ನಾವು ಏನು ಅನ್ನುತ್ತೇವೆ? ‘ಅವನು ಬೈಸಿಕೊಂಡ.’

ಬೈಸಿಕೊಂಡ. ಈ ಪದವನ್ನು ಒಂದು ಸಲ ಬಿಚ್ಚಿ ನೋಡಿ. ಬೈ, ಅದಕ್ಕೆ ‘ಇಸು’ ಸೇರಿ ಬೈಸು, ಅಂದರೆ ಬೇರೆಯವರ ಕೈಯಲ್ಲಿ ಬೈಯುವ ಕೆಲಸ ಮಾಡಿಸು. ಅದರ ಮೇಲೆ ‘ಕೊಳ್ಳು’, ಅಂದರೆ ತನಗಾಗಿ. ಅಕ್ಷರ ಅಕ್ಷರ ಹಿಡಿದು ಹೇಳಿದರೆ, ತನಗಾಗಿ ಬೇರೆಯವರಿಂದ ಬೈಗುಳದ ಏರ್ಪಾಡು ಮಾಡಿಕೊಂಡ! ಯಾರಾದರೂ ಹೋಗಿ ನನಗೆ ಸ್ವಲ್ಪ ಬೈಯಿರಿ ಅಂತ ಕೇಳುತ್ತಾರಾ? ಇಲ್ಲ. ಆದರೂ ಅದೇ ರೂಪ. ಒದೆಸಿಕೊಂಡ, ಛೀಮಾರಿ ಹಾಕಿಸಿಕೊಂಡ, ಹೊಡೆಸಿಕೊಂಡ. ಇನ್ನು ನಿಜವಾಗಲೂ ಏರ್ಪಾಡು ಮಾಡಿಕೊಳ್ಳೋ ಕೆಲಸಗಳಿಗೂ ಇದೇ ರೂಪ: ಚುಚ್ಚುಮದ್ದು ಹಾಕಿಸಿಕೊಂಡ, ಕಣ್ಣು ಪರೀಕ್ಷೆ ಮಾಡಿಸಿಕೊಂಡ. ಕೇಳಿ ಮಾಡಿಸಿಕೊಂಡದ್ದು, ಕೇಳದೇ ಅನುಭವಿಸಿದ್ದು, ಎರಡಕ್ಕೂ ಒಂದೇ ಬಾಲ.

ಗೆಟ್ ಮಾಡೋದೂ ಇದನ್ನೇ. ‘ಗಾಟ್ ವ್ಯಾಕ್ಸಿನೇಟೆಡ್’ ಅಂದರೆ ಹೋಗಿ ಹಾಕಿಸಿಕೊಂಡದ್ದು, ‘ಗಾಟ್ ಬೀಟನ್’ ಅಂದರೆ ತಿಂದ ಏಟು. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಭಾಷೆಗಳು, ಒಂದು ಪ್ರತ್ಯೇಕ ಕ್ರಿಯಾಪದ ಮುಂದೆ ನಿಲ್ಲಿಸಿ, ಇನ್ನೊಂದು ಪದದ ಹಿಂದೆ ಬಾಲ ಕಟ್ಟಿ, ಒಂದೇ ಜಾಗಕ್ಕೆ ಬಂದು ನಿಂತಿವೆ. ಸಿಕ್ಕಿಬಿದ್ದವನು ಪೂರ್ತಿ ಅಮಾಯಕನೂ ಅಲ್ಲ, ಪೂರ್ತಿ ಹೊಣೆಗಾರನೂ ಅಲ್ಲ ಅನ್ನೋದನ್ನ ಹೇಳೋಕೆ ಇಬ್ಬರಿಗೂ ಒಂದು ಉಪಾಯ ಬೇಕಾಗಿತ್ತು. ಇದನ್ನು ಮೊದಲ ಸಲ ಗಮನಿಸಿದಾಗ ನಾನು ಅವತ್ತೆಲ್ಲ ಬೇರೆ ಕೆಲಸ ಮಾಡಲಿಲ್ಲ.

ಇದೇ ಬಾಲ ಮರೆತರೆ ಇಂಗ್ಲಿಷಿನಲ್ಲಿ ಎಡವುತ್ತೇವೆ. ‘ಐ ಕಟ್ ಮೈ ಹೇರ್’ ಅಂದರೆ ಕನ್ನಡಿ ಮುಂದೆ ನಿಂತು ನಾನೇ ಕತ್ತರಿ ಆಡಿಸಿದೆ ಅಂತ. ಬೇರೆಯವರ ಕೈಯಲ್ಲಿ ಮಾಡಿಸಿಕೊಂಡಿದ್ದರೆ ‘ಐ ಗಾಟ್ ಮೈ ಹೇರ್ ಕಟ್’. ಕನ್ನಡದಲ್ಲಿ ಇಸು ಹಾಕೋದನ್ನ ನಾವು ಎಂದೂ ಮರೆಯುವುದಿಲ್ಲ, ಕಟಿಂಗ್ ಮಾಡಿಸಿಕೊಂಡೆ ಅಂತಲೇ ಹೇಳುತ್ತೇವೆ. ಇಂಗ್ಲಿಷಿಗೆ ಹೋದ ತಕ್ಷಣ ಅದು ಹೇಗೋ ಬಿದ್ದುಹೋಗುತ್ತದೆ.

ಬೇರೆಯವರ ಕೈಯಲ್ಲಿ ಕೆಲಸ ಮಾಡಿಸುವಾಗ ಅವರಲ್ಲಿ ಮೂರು ದಾರಿ. ಮೇಡ್ ಹಿಮ್ ಸೈನ್ ಅಂದರೆ ಬಲವಂತ. ಹ್ಯಾಡ್ ಹಿಮ್ ಸೈನ್ ಅಂದರೆ ಹೇಳಿದೆ, ಮಾಡಿದ, ಅದು ಅವನ ಕೆಲಸವೇ. ಗಾಟ್ ಹಿಮ್ ಟು ಸೈನ್ ಅಂದರೆ ಪುಸಲಾಯಿಸಿ, ಹಿಂದೆ ಬಿದ್ದು, ಒಪ್ಪಿಸಿ ಸಹಿ ಹಾಕಿಸಿದ್ದು. ಗೆಟ್ ಬಂದಾಗ ಮಾತ್ರ ನಡುವೆ ಆ ‘ಟು’ ಬೇಕು. ನಮ್ಮಲ್ಲಿ ಮೂರಕ್ಕೂ ‘ಸಹಿ ಹಾಕಿಸಿದೆ’, ಎಷ್ಟು ಬೆವರು ಸುರಿಯಿತು ಅನ್ನೋದನ್ನ ಬೇಕಾದರೆ ಪ್ರತ್ಯೇಕ ಹೇಳಿಕೊಳ್ಳಬೇಕು.

ಗಾಟ್ ಒಂದು ಕಡೆ ಗೆಟ್ಟಿನ ಭೂತಕಾಲ, ಇನ್ನೊಂದು ಕಡೆ ಬೇರೆಯೇ ಪ್ರಾಣಿ. ‘ಐ ಹ್ಯಾವ್ ಗಾಟ್ ಎ ಕಾರ್’ ಅಂದರೆ ಕಾರು ಪಡೆದಿದ್ದೇನೆ ಅಂತಿತ್ತು ಒಂದು ಕಾಲಕ್ಕೆ. ಪಡೆದಿದ್ದರೆ ಇದ್ದೇ ಇರುತ್ತದಲ್ಲ? ಹಾಗಾಗಿ ನಿಧಾನವಾಗಿ ಪಡೆದದ್ದು ಮರೆತುಹೋಯಿತು, ಇರೋದು ಮಾತ್ರ ಉಳಿಯಿತು. ಈಗ ಅದರ ಅರ್ಥ ನನ್ನ ಹತ್ತಿರ ಕಾರಿದೆ, ಅಷ್ಟೇ. ಹಾಗಾದರೆ ಪಡೆದದ್ದನ್ನೇ ಹೇಳಬೇಕಾದರೆ? ಅಮೆರಿಕನ್ನರ ಬಳಿ ಅದಕ್ಕೆ ‘ಗಾಟನ್’ ಇದೆ. ‘ಹ್ಯಾವ್ ಗಾಟ್’ ಅಂದರೆ ಇದೆ, ‘ಹ್ಯಾವ್ ಗಾಟನ್’ ಅಂದರೆ ಪಡೆದಿದ್ದೇನೆ. ಎಷ್ಟು ಚೊಕ್ಕ. ಇದನ್ನು ಅಮೆರಿಕನ್ನರು ಕೆಡಿಸಿದ ಇಂಗ್ಲಿಷ್ ಅಂತ ಮೂಗು ಮುರಿಯೋ ಬ್ರಿಟಿಷರು ಇದ್ದಾರೆ. ಗಾಟನ್ ಹಳೆಯ ಇಂಗ್ಲೆಂಡಿನದ್ದೇ ಸ್ವತ್ತು, ಅಟ್ಲಾಂಟಿಕ್ ದಾಟಿ ಅಲ್ಲಿ ಉಳಿಯಿತು, ತವರಿನಲ್ಲಿ ಮರೆಯಾಯಿತು. ಅವರದೇ ಫರ್ಗಾಟನ್ ಒಳಗೆ ಅದು ಇನ್ನೂ ಕೂತಿದೆ, ಅವರಿಗೇ ಮರೆತುಹೋಗಿದೆ.

ಕಿವಿಗೆ ಮೋಸ ಮಾಡೋ ಒಂದು ಜೋಡಿ. ‘ಐ ಗಾಟ್ ಟು ಮೀಟ್ ಹರ್’: ಅವರನ್ನು ಭೇಟಿ ಆಗೋ ಅವಕಾಶ ಸಿಕ್ಕಿತು. ‘ಐ ಹ್ಯಾವ್ ಗಾಟ್ ಟು ಮೀಟ್ ಹರ್’: ಅವರನ್ನು ಭೇಟಿ ಆಗಲೇಬೇಕು. ಒಂದು ಮುಗಿದ ಸಂತೋಷ, ಇನ್ನೊಂದು ಮುಂದೆ ಇರೋ ಕೆಲಸ. ವೇಗವಾಗಿ ಮಾತಾಡುವಾಗ ಆ ಹ್ಯಾವ್ ಸವೆದು ಸವೆದು ‘ಗಾಟಾ’ ಮಾತ್ರ ಉಳಿಯುತ್ತದೆ, ಆಗ ಸಂದರ್ಭವೇ ದೇವರು.

ಅಪ್, ಆನ್, ಓವರ್, ಬೈ ಮುಂತಾದ ಬಾಲಂಗೋಚಿಗಳ ಪಟ್ಟಿ ಕೊಡಿ ಅಂತ ಕೆಲವರು ಕೇಳಿದರು. ಪಟ್ಟಿ ಉರು ಹೊಡೆದು ಯಾರೂ ಭಾಷೆ ಕಲಿತದ್ದು ನಾನು ನೋಡಿಲ್ಲ. ಎರಡು ಮೂರು ಹೇಳುತ್ತೇನೆ, ಕನ್ನಡದ ಜೋಡಿ ಚೆನ್ನಾಗಿದೆ ಅನ್ನೋ ಕಾರಣಕ್ಕೆ. ಗೆಟ್ ಅವೇ ವಿತ್ ಇಟ್: ತಪ್ಪು ಮಾಡಿಯೂ ದಕ್ಕಿಸಿಕೊಂಡ. ಗೆಟ್ ಬೈ: ಹೇಗೋ ದಿನ ದೂಡುತ್ತಿದ್ದೇವೆ. ಗೆಟ್ ಅರೌಂಡ್ ಟು ಇಟ್: ಮಾಡಬೇಕು ಮಾಡಬೇಕು ಅಂದುಕೊಂಡದ್ದಕ್ಕೆ ಕೊನೆಗೂ ಪುರಸೊತ್ತು ಆಯಿತು. ಇನ್ನು ಬಸ್ಸಿಗೆ ‘ಆನ್’, ಕಾರಿಗೆ ‘ಇನ್’ ಯಾಕೆ ಅನ್ನೋದಕ್ಕೆ ನಾನು ಬಳಸೋ ಗುರುತು ಇಷ್ಟೇ. ಹತ್ತಿದ ಮೇಲೆ ಒಳಗೆ ನಿಂತು ನಡೆದಾಡಬಹುದಾದರೆ ಆನ್: ಬಸ್ಸು, ರೈಲು, ವಿಮಾನ, ಹಡಗು. ತಲೆ ತಗ್ಗಿಸಿ ತೂರಿಕೊಂಡು ಕೂರಬೇಕಾದರೆ ಇನ್: ಕಾರು, ಟ್ಯಾಕ್ಸಿ. ಕುದುರೆ, ಸೈಕಲ್ಲಿನ ಮೇಲೆ ಕೂರುತ್ತೇವೆ, ಆದ್ದರಿಂದ ಆನ್. ಕನ್ನಡದಲ್ಲಿ ಎಲ್ಲಕ್ಕೂ ಹತ್ತು, ಇಳಿ. ಮುಗಿಯಿತು.

ಶಾಲೆಯಲ್ಲಿ ಗೆಟ್ ಬಳಸಬೇಡಿ, ಅದು ಸೋಮಾರಿ ಪದ ಅಂತ ಹೇಳಿಕೊಡುವುದು ಹಲವು ಕಡೆ ಇದೆ. ರಿಸೀವ್ ಬರಿ, ಅಬ್ಟೇನ್ ಬರಿ, ಅಕ್ವೈರ್ ಬರಿ. ಅರ್ಜಿಯಲ್ಲಿ, ವರದಿಯಲ್ಲಿ ಅದು ಸರಿಯೇ. ಆದರೆ ಮಾತಿನಲ್ಲಿ ‘ಐ ಅಬ್ಟೇನ್ಡ್ ಎ ಕೋಲ್ಡ್’ ಅಂದು ನೋಡಿ, ನೆಗಡಿಗೆ ಅರ್ಜಿ ಹಾಕಿ ಮಂಜೂರು ಮಾಡಿಸಿಕೊಂಡ ಹಾಗಿರುತ್ತದೆ. ಬರಹದ ಇಂಗ್ಲಿಷನ್ನು ಮೊದಲು ಕಲಿತ ನಮ್ಮಂಥವರು ಗೆಟ್ ಕಂಡರೆ ಹಿಂಜರಿಯೋದಕ್ಕೆ ಇದೂ ಒಂದು ಕಾರಣ. ಪುಸ್ತಕ ಓದಿ ಕಲಿತವರಿಗೆ ಅಬ್ಟೇನ್ ಸುಲಭ, ಗೆಟ್ ಕಷ್ಟ. ಅಲ್ಲೇ ಹುಟ್ಟಿದ ಮಗುವಿಗೆ ಉಲ್ಟಾ.

ಹಿಂಜರಿಕೆ ಬಿಟ್ಟು ಬಳಸೋರೂ ಇದ್ದಾರೆ, ಅವರು ಹೊಸದೊಂದನ್ನೇ ಹುಟ್ಟಿಸಿದ್ದಾರೆ. ‘ಐ ಆಮ್ ನಾಟ್ ಗೆಟಿಂಗ್ ಯೂ.’ ಫೋನಿನಲ್ಲಿ, ಮೀಟಿಂಗಿನಲ್ಲಿ ದಿನಾ ಕೇಳುತ್ತೇವೆ. ಲಂಡನ್ನಿನವರು ‘ಐ ಡೋಂಟ್ ಗೆಟ್ ಇಟ್’ ಅನ್ನುತ್ತಾರೆ, ಈ ಅರ್ಥಕ್ಕೆ ‘ಇಂಗ್’ ಸಾಮಾನ್ಯವಾಗಿ ಹಾಕುವುದಿಲ್ಲ. ನಾವು ಹಾಕುತ್ತೇವೆ, ಯಾಕೆಂದರೆ ನಮ್ಮ ತಲೆಯಲ್ಲಿ ಓಡುತ್ತಿರೋದು ‘ನನಗೆ ಅರ್ಥ ಆಗ್ತಾ ಇಲ್ಲ’. ಆಗ್ತಾ ಇಲ್ಲ, ನಾಟ್ ಗೆಟಿಂಗ್. ಅವರಿಗೆ ಅರ್ಥ ಆಗೋದು ದೀಪ ಹಾಕಿದ ಹಾಗೆ, ಒಂದೋ ಹತ್ತಿದೆ ಇಲ್ಲ ಹತ್ತಿಲ್ಲ. ನಮಗೆ ಅದು ನೀರು ಕಾಯೋ ಹಾಗೆ, ಇನ್ನೂ ಆಗುತ್ತಾ ಇರುತ್ತದೆ. ಇದನ್ನು ತಪ್ಪು ಅಂತ ತಿದ್ದೋಕೆ ನನಗಂತೂ ಮನಸ್ಸು ಬರುವುದಿಲ್ಲ, ಪರೀಕ್ಷೆಯಲ್ಲಿ ಬರೆಯಬೇಡಿ ಅಂತ ಮಾತ್ರ ಹೇಳುತ್ತೇನೆ.

ಪ್ರಶ್ನೆಗಳ ಹೊತ್ತಿಗೆ ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: ‘ಸರ್, ಗೆಟ್ ಬಿಡಿ, ನಮ್ಮ ಹೊಡಿ ಇದೆಯಲ್ಲ, ಅದನ್ನ ಇಂಗ್ಲಿಷಿನವರಿಗೆ ಹೇಗೆ ಕಲಿಸೋದು?’ ಸಭೆ ಒಮ್ಮೆಲೇ ಎದ್ದು ಕೂತಿತು. ಕಣ್ಣು ಹೊಡಿ, ಫೋನ್ ಹೊಡಿ, ಗೊರಕೆ ಹೊಡಿ, ಹರಟೆ ಹೊಡಿ, ಗಾಡಿ ಹೊಡಿ, ವಾಸನೆ ಹೊಡಿ, ಜೇಬು ಹೊಡಿ, ಲಾಟರಿ ಹೊಡಿ ಅಂತ ನಾಲ್ಕೂ ಕಡೆಯಿಂದ ಬರತೊಡಗಿದವು. ನಾನು ಒಂದೇ ಒಂದು ಮಾತು ಸೇರಿಸಿದೆ. ಹೊಡಿ ಗೆಟ್ಟಿನ ಹಾಗೆ ಖಾಲಿ ಪದ ಅಲ್ಲ, ಎಲ್ಲಿ ಹೋದರೂ ತನ್ನ ಜೊತೆ ಒಂದು ರಭಸವನ್ನೋ ಪುಂಡತನವನ್ನೋ ಕಟ್ಟಿಕೊಂಡೇ ಹೋಗುತ್ತದೆ. ನಿದ್ದೆ ಮಾಡಿದವನಿಗೂ ನಿದ್ದೆ ಹೊಡೆದವನಿಗೂ ವ್ಯತ್ಯಾಸ ಇದೆ.

‘ಹಾಗಾದರೆ ಮಳೆ ಹೊಡೀತು ಅಂದಾಗ ಯಾರ ಪುಂಡತನ ಸರ್?’ ಅಂದಳು. ಅಷ್ಟರಲ್ಲಿ ಸಮಯ ಮುಗಿಯಿತು ಅಂತ ಸಂಘಟಕರಿಂದ ನನಗೊಂದು ಚೀಟಿ ಬಂತು. ಆ ಪ್ರಶ್ನೆಗೆ ಇನ್ನೂ ಉತ್ತರ ಹುಡುಕುತ್ತಾ ಇದ್ದೇನೆ.